ಏಳನೆಯ ಕಾದಂಬರಿ: ಬಾರ್ಬರಾ ಪಿಮ್ ಅವರ ಎರಡನೆಯ ಸರದಿ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಲಂಡನ್ನಿನ 'ಟೈಮ್ಸ್ ಲಿಟರರಿ ಸಪ್ಲಿಮೆಂಟ್' ವಾರಪತ್ರಿಕೆಗೆ 1977ರಲ್ಲಿ ಎಪ್ಪತ್ತೈದು ತುಂಬಿತು. ಆ ನೆಪದಲ್ಲಿ ಪತ್ರಿಕೆ ಹೆಸರಾಂತ ಲೇಖಕರು, ವಿಮರ್ಶಕರ ಮುಂದೆ ಎರಡು ಪ್ರಶ್ನೆ ಇಟ್ಟಿತು. ಕಳೆದ ಮುಕ್ಕಾಲು ಶತಮಾನದಲ್ಲಿ ಯೋಗ್ಯತೆಗೆ ಮೀರಿ ಹೊಗಳಿಸಿಕೊಂಡವರು ಯಾರು? ಯೋಗ್ಯತೆಯಿದ್ದೂ ಕಡೆಗಣಿಸಲ್ಪಟ್ಟವರು ಯಾರು? ಜನವರಿ 21ರ ಸಂಚಿಕೆಯಲ್ಲಿ ಉತ್ತರಗಳು ಅಚ್ಚಾದವು. ಎರಡನೆಯ ಪ್ರಶ್ನೆಗೆ ಕವಿ ಫಿಲಿಪ್ ಲಾರ್ಕಿನ್ ಮತ್ತು ಆಕ್ಸ್‌ಫರ್ಡಿನ ನಿವೃತ್ತ ಪ್ರಾಧ್ಯಾಪಕ ಲಾರ್ಡ್ ಡೇವಿಡ್ ಸೆಸಿಲ್ ಇಬ್ಬರೂ ಬರೆದು ಕಳಿಸಿದ್ದು ಒಂದೇ ಹೆಸರು: ಬಾರ್ಬರಾ ಪಿಮ್. ಬದುಕಿದ್ದ ಲೇಖಕರ ಪೈಕಿ ಇಬ್ಬರು ಹೀಗೆ ಸೂಚಿಸಿದ ಹೆಸರು ಅದೊಂದೇ.

ಆಗ ಪಿಮ್ ಅವರಿಗೆ 63 ವರ್ಷ. ಆಕ್ಸ್‌ಫರ್ಡ್‌ಶೈರಿನ ಫಿನ್‌ಸ್ಟಾಕ್ ಎಂಬ ಹಳ್ಳಿಯಲ್ಲಿ ತಂಗಿ ಹಿಲರಿಯ ಜೊತೆ ನಿವೃತ್ತ ಜೀವನ ನಡೆಸುತ್ತಿದ್ದರು. 1950ರಿಂದ 1961ರವರೆಗೆ ಆರು ಕಾದಂಬರಿ ಪ್ರಕಟಿಸಿದ್ದ ಅವರ ಹೊಸ ಪುಸ್ತಕವೊಂದನ್ನು ಅಲ್ಲಿಂದೀಚೆಗೆ ಯಾವ ಪ್ರಕಾಶಕರೂ ಅಚ್ಚಿಗೆ ಹಾಕಿರಲಿಲ್ಲ. ಪತ್ರಿಕೆ ಹೊರಬಂದ ಮುಂದಿನ ತಿಂಗಳೇ ಮ್ಯಾಕ್‌ಮಿಲನ್ ಸಂಸ್ಥೆ ಅವರ ಏಳನೆಯ ಕಾದಂಬರಿಯನ್ನು ಒಪ್ಪಿಕೊಂಡಿತು. ಅದೇ ವರ್ಷ ಆ ಕಾದಂಬರಿ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು.

ಇದನ್ನು ಅದೃಷ್ಟದ ಕತೆಯೆಂದು ಹೇಳುವುದು ವಾಡಿಕೆ. ಅದೃಷ್ಟ ಇತ್ತು, ಅಲ್ಲಗಳೆಯುವಂತಿಲ್ಲ. ಆದರೆ ಆ ಜನವರಿಯಲ್ಲಿ ಇನ್ನೂ ಒಂದು ಸಂಗತಿ ಇತ್ತು. ಪಿಮ್ ಅವರ ಬಳಿ ಬರೆದು ಮುಗಿಸಿ, ತಿದ್ದಿ, ಟೈಪು ಮಾಡಿಟ್ಟ ಕಾದಂಬರಿಯೊಂದು ಸಿದ್ಧವಾಗಿತ್ತು. ಹದಿನಾಲ್ಕು ವರ್ಷ ಯಾರೂ ಕೇಳದೆ ಇದ್ದಾಗಲೂ ಅವರು ಬರೆಯುತ್ತಲೇ ಇದ್ದರು. ಪತ್ರಿಕೆಯ ಎರಡು ಹೇಳಿಕೆಗಳಿಗೆ ಬೆಲೆ ಬಂದದ್ದು ಆ ಬರವಣಿಗೆಯಿಂದ. ಇವತ್ತಿನ ಉಪನ್ಯಾಸದ ವಿಷಯ ಅದು.

ಬಾರ್ಬರಾ ಪಿಮ್ ಹುಟ್ಟಿದ್ದು 1913ರ ಜೂನ್ 2ರಂದು, ಇಂಗ್ಲೆಂಡಿನ ಪಶ್ಚಿಮದ ಗಡಿನಾಡು ಶ್ರಾಪ್‌ಶೈರಿನ ಆಸ್‌ವೆಸ್ಟ್ರಿ ಪಟ್ಟಣದಲ್ಲಿ. ತಂದೆ ವಕೀಲರು. ಆಕ್ಸ್‌ಫರ್ಡಿನ ಸೇಂಟ್ ಹಿಲ್ಡಾಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಓದು ಮುಗಿದ ಹೊಸತರಲ್ಲಿ, ಇಪ್ಪತ್ತೊಂದು-ಇಪ್ಪತ್ತೆರಡರ ವಯಸ್ಸಿನಲ್ಲಿ ಬರೆಯತೊಡಗಿದ ಮೊದಲ ಕಾದಂಬರಿಯಲ್ಲಿ ತನ್ನನ್ನೂ ತಂಗಿಯನ್ನೂ ಐವತ್ತು ದಾಟಿದ ಇಬ್ಬರು ಅವಿವಾಹಿತ ಅಕ್ಕತಂಗಿಯರನ್ನಾಗಿ ಕಲ್ಪಿಸಿಕೊಂಡರು. ಅದು ಆಗ ಪ್ರಕಟವಾಗಲಿಲ್ಲ. ನಡುವೆ ಮಹಾಯುದ್ಧ ಬಂತು. ನೌಕಾದಳದ ಮಹಿಳಾ ವಿಭಾಗದಲ್ಲಿ ಕೆಲಸ ಮಾಡಿ ನೇಪಲ್ಸ್‌ವರೆಗೂ ಹೋಗಿಬಂದರು. ಯುದ್ಧ ಮುಗಿದ ಮೇಲೆ ಹಳೆಯ ಕರಡನ್ನು ತೆಗೆದು ತಿದ್ದಿದರು. 'ಸಮ್ ಟೇಮ್ ಗೆಜೆಲ್' ಎಂಬ ಹೆಸರಿನಲ್ಲಿ ಜೊನಾಥನ್ ಕೇಪ್ ಪ್ರಕಾಶನದಿಂದ ಅದು ಹೊರಬಂದಾಗ 1950. ಹೀಗೆ ಮೊದಲ ಅವಕಾಶಕ್ಕೇ ಅವರು ಹದಿನೈದು ವರ್ಷ ಕಾದಿದ್ದರು.

ಹೊಟ್ಟೆಪಾಡಿಗೆ ಲಂಡನ್ನಿನಲ್ಲಿ ನೌಕರಿ. 1946ರಿಂದ 1974ರವರೆಗೆ ಇಂಟರ್‌ನ್ಯಾಷನಲ್ ಆಫ್ರಿಕನ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಾನವಶಾಸ್ತ್ರಜ್ಞರ ಲೇಖನಗಳನ್ನು ತಿದ್ದುವುದು, ಕರಡಚ್ಚು ನೋಡುವುದು, 'ಆಫ್ರಿಕಾ' ಎಂಬ ನಿಯತಕಾಲಿಕದ ಸಹಾಯಕ ಸಂಪಾದಕಿಯಾಗಿ ದುಡಿಯುವುದು. ಈ ಲೋಕಕ್ಕೂ ಕರ್ನಾಟಕಕ್ಕೂ ಒಂದು ನಂಟಿದೆ. ಅವರ ಸಂಸ್ಥೆ 1950ರಲ್ಲಿ ಹೊರತಂದ ಆಫ್ರಿಕಾದ ಬಂಧುತ್ವ ಮತ್ತು ವಿವಾಹ ಪದ್ಧತಿಗಳ ಪ್ರಸಿದ್ಧ ಸಂಪುಟದ ಸಂಪಾದಕರಲ್ಲಿ ಒಬ್ಬರು ಎ.ಆರ್. ರ‍್ಯಾಡ್‌ಕ್ಲಿಫ್-ಬ್ರೌನ್. ಮೈಸೂರಿನ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಕೊಡಗರ ಅಧ್ಯಯನವನ್ನು ಮುಂದುವರಿಸಿದ್ದು ಇದೇ ವಿದ್ವಾಂಸರ ಮಾರ್ಗದರ್ಶನದಲ್ಲಿ. 1952ರಲ್ಲಿ ಆ ಅಧ್ಯಯನ ಪುಸ್ತಕವಾಗಿ ಬಂದಾಗ ಮುನ್ನುಡಿ ಬರೆದವರೂ ಅವರೇ. ಕ್ಷೇತ್ರಕಾರ್ಯ, ಟಿಪ್ಪಣಿ ಪುಸ್ತಕ, ಬಂಧುತ್ವದ ನಕ್ಷೆ ಎಂದು ಓಡಾಡುತ್ತಿದ್ದ ಆ ತಲೆಮಾರಿನ ಮಾನವಶಾಸ್ತ್ರಜ್ಞರು ಪಿಮ್ ಅವರ 1955ರ 'ಲೆಸ್ ದ್ಯಾನ್ ಏಂಜೆಲ್ಸ್' ಕಾದಂಬರಿಯಲ್ಲಿ ಪಾತ್ರಗಳಾಗಿ ಬರುತ್ತಾರೆ. ದೂರದ ಬುಡಕಟ್ಟುಗಳನ್ನು ನೋಡಲು ಅವರು ಕಲಿತಿದ್ದ ಬಗೆಯಲ್ಲೇ ಪಿಮ್ ಲಂಡನ್ನಿನ ಬೀದಿ, ಕಚೇರಿ, ಚರ್ಚುಗಳನ್ನು ನೋಡಿ ಸಣ್ಣ ನೋಟ್‌ಬುಕ್ಕುಗಳಲ್ಲಿ ಬರೆದಿಡುತ್ತಿದ್ದರು. ಆ ನೋಟ್‌ಬುಕ್ಕುಗಳು ಇಂದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿವೆ.

ಅವರ ಕಾದಂಬರಿಗಳಲ್ಲಿ ಏನಿದೆ? ದೊಡ್ಡ ಘಟನೆಗಳಿಲ್ಲ. ಪಾದ್ರಿಯನ್ನು ಊಟಕ್ಕೆ ಕರೆಯುವುದು, ಚರ್ಚಿನ ಸಹಾಯಾರ್ಥ ಹಳೆ ಸಾಮಾನು ಮಾರುವುದು, ಒಂಟಿ ಹೆಂಗಸು ರಾತ್ರಿ ತನಗೊಬ್ಬಳಿಗೇ ಮೊಟ್ಟೆ ಬೇಯಿಸಿಕೊಳ್ಳುವುದು. 1952ರ 'ಎಕ್ಸಲೆಂಟ್ ವಿಮೆನ್' ಕಾದಂಬರಿಯ ಮಿಲ್ಡ್ರೆಡ್ ಲಾಥ್‌ಬರಿ ಮೂವತ್ತು ದಾಟಿದವಳು, ಪಾದ್ರಿಯ ಮಗಳು. ಯುದ್ಧದ ನಂತರದ ಲಂಡನ್ನಿನಲ್ಲಿ ಬಾಡಿಗೆ ಮನೆ. ಕೆಳಗಿನ ಮನೆಗೆ ಬರಲಿರುವ ಗಂಡಹೆಂಡಿರ ಜೊತೆ ಬಚ್ಚಲು ಹಂಚಿಕೊಳ್ಳಬೇಕು. ಮೂವರಿಗೂ ಬೇಕಾಗುವ ಶೌಚದ ಕಾಗದದ ಹೊಣೆ ಯಾರದು ಎಂಬ ಚಿಂತೆ ಅವಳಿಗೆ ಮೊದಲ ಅಧ್ಯಾಯದಲ್ಲೇ ಹತ್ತಿಕೊಳ್ಳುತ್ತದೆ. ಇಷ್ಟು ಸಣ್ಣ ಚಿಂತೆಯ ಮೂಲಕ ಪಿಮ್ ಒಂದು ಇಡೀ ವರ್ಗದ ಹೆಣ್ಣುಮಕ್ಕಳ ಬಾಳನ್ನು ತೆರೆದಿಟ್ಟರು. ಎಲ್ಲರ ಕಷ್ಟಕ್ಕೂ ಒದಗುವ, ಚಹಾ ಕಾಸಿಕೊಡುವ, ಯಾರೂ ಹಿಂತಿರುಗಿ ನೋಡದ ಹೆಣ್ಣುಮಕ್ಕಳು ಅವರು. ನಗು ಬರುತ್ತದೆ; ನಗುತ್ತಿರುವಾಗಲೇ ಗಂಟಲು ಕಟ್ಟುತ್ತದೆ.

ಇಂಥ ಪುಸ್ತಕಗಳನ್ನು ಓದುಗರಿಗೆ ಮುಟ್ಟಿಸುತ್ತಿದ್ದವುಗಳಲ್ಲಿ ಬಾಡಿಗೆ ಗ್ರಂಥಾಲಯಗಳದ್ದು ದೊಡ್ಡ ಪಾಲು. ಬೂಟ್ಸ್ ಔಷಧ ಅಂಗಡಿಗಳು, ಡಬ್ಲ್ಯು.ಎಚ್. ಸ್ಮಿತ್ ಪುಸ್ತಕದಂಗಡಿಗಳು ದೇಶದ ತುಂಬ ಅವನ್ನು ನಡೆಸುತ್ತಿದ್ದವು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ತಂದು ಓದಿದ ಮನೆಗಳವರಿಗೆ ಆ ವ್ಯವಸ್ಥೆಯ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಮಿತ್ ತನ್ನ ಗ್ರಂಥಾಲಯವನ್ನು 1961ರಲ್ಲಿ ಮುಚ್ಚಿತು, ಬೂಟ್ಸ್ 1966ರಲ್ಲಿ. ಖಾಯಂ ಕೊಳ್ಳುವವರೇ ಮಾಯವಾಗುತ್ತಿದ್ದರು. ಅತ್ತ ಕೇಪ್ ಸಂಸ್ಥೆಯೂ ಬದಲಾಗಿತ್ತು. 1960ರಲ್ಲಿ ಸೇರಿದ್ದ ತರುಣ ಟಾಮ್ ಮ್ಯಾಶ್ಲರ್ ಸಂಪಾದಕೀಯದ ಚುಕ್ಕಾಣಿ ಹಿಡಿದಿದ್ದರು. ಜೋಸೆಫ್ ಹೆಲರ್ ಅವರ 'ಕ್ಯಾಚ್-22', ಬೀಟಲ್ಸ್ ಗಾಯಕ ಜಾನ್ ಲೆನನ್ ಅವರ ಬರಹಗಳು ಆ ವರ್ಷಗಳಲ್ಲಿ ಕೇಪ್‌ನಿಂದ ಬಂದವು. ಹೊಸ ಕಾಲದ ಹುರುಪಿನ ಪಟ್ಟಿ ಅದು.

1963ರ ಆರಂಭದಲ್ಲಿ ಪಿಮ್ ತಮ್ಮ ಮುಂದಿನ ಕಾದಂಬರಿ 'ಆ್ಯನ್ ಅನ್‌ಸೂಟಬಲ್ ಅಟ್ಯಾಚ್‌ಮೆಂಟ್' ಅನ್ನು ಎಂದಿನಂತೆ ಕೇಪ್‌ಗೆ ಕಳಿಸಿದರು. ಮಾರ್ಚ್‌ನಲ್ಲಿ ಅದು ತಿರಸ್ಕೃತವಾಯಿತು. ಖರ್ಚು ಹೆಚ್ಚಾಗಿದೆ, ಇಂಥ ಪುಸ್ತಕ ಲಾಭಕ್ಕೆ ಬೇಕಾದಷ್ಟು ಪ್ರತಿ ಖರ್ಚಾಗುವುದಿಲ್ಲ ಎಂಬುದು ಕಾರಣ. ಆರು ಪುಸ್ತಕ ಕೊಟ್ಟ ಲೇಖಕಿಯನ್ನು ಎದುರು ಕೂರಿಸಿಕೊಂಡು ಮಾತಾಡುವ ಸೌಜನ್ಯವೂ ಇಲ್ಲದೆ, ಪತ್ರದಲ್ಲಿ ವಿಷಯ ಮುಗಿಯಿತು. ಐವತ್ತರ ಹೊಸ್ತಿಲಲ್ಲಿದ್ದ ಪಿಮ್ ಅವರಿಗೆ ಆ ಪೆಟ್ಟು ಆಳಕ್ಕೆ ತಗುಲಿತು.

ಆಮೇಲೆ ಅಂಚೆಯ ವರ್ಷಗಳು. ಹಸ್ತಪ್ರತಿ ಒಬ್ಬ ಪ್ರಕಾಶಕರಿಂದ ಇನ್ನೊಬ್ಬರಿಗೆ ಹೋಗುತ್ತಿತ್ತು, ವಿನಯದ ನಾಲ್ಕು ಸಾಲಿನೊಂದಿಗೆ ಮರಳುತ್ತಿತ್ತು. 'ದಿ ಸ್ವೀಟ್ ಡವ್ ಡೈಡ್' ಎಂಬ ಮತ್ತೊಂದು ಕಾದಂಬರಿ ಬರೆದರು. ಅದಕ್ಕೂ ಇದೇ ಗತಿ. ಕಾಲಕ್ಕೆ ತಕ್ಕ ಹಾಗೆ ಬರೆದರೆ ಹೇಗೆ ಎಂದು 1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯದ ಹಿನ್ನೆಲೆಯ, ಚುರುಕು ಧಾಟಿಯ ಒಂದು ಕಾದಂಬರಿಗೂ ಕೈಹಾಕಿದರು. ಅದು ತಮ್ಮ ಸ್ವರವಲ್ಲ ಎಂದು ಅವರಿಗೇ ಅನ್ನಿಸಿ ಕೈಬಿಟ್ಟರು. ಬರೆಯುವವರಿಗೆ ಪಿಮ್ ಅವರ ಬದುಕಿನ ಈ ಭಾಗವೇ ಹೆಚ್ಚು ಮುಖ್ಯ. ಗೆದ್ದ ಕತೆಯನ್ನು ಹೇಳುವಾಗ ಎಲ್ಲರೂ ಹಾರಿಸಿಬಿಡುವ ಭಾಗವೂ ಇದೇ. ಬೇಡಿಕೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುವ ಪ್ರಯತ್ನ ಸೋತ ಮೇಲೆ, ಪ್ರಕಟಣೆಯ ಆಸೆಯನ್ನು ಬದಿಗಿಟ್ಟು, ತಾನು ಕಂಡದ್ದನ್ನು ತನಗೆ ತೋಚಿದಂತೆ ಬರೆಯಲು ಅವರು ಮತ್ತೆ ಕುಳಿತರು.

ಒಬ್ಬ ಓದುಗ ಮಾತ್ರ ಕೈಬಿಟ್ಟಿರಲಿಲ್ಲ. ಹಲ್ ವಿಶ್ವವಿದ್ಯಾಲಯದ ಗ್ರಂಥಪಾಲಕರೂ ಆಗಿದ್ದ ಲಾರ್ಕಿನ್ 1961ರಲ್ಲೇ ಪಿಮ್ ಅವರಿಗೆ ಪತ್ರ ಬರೆದು, ಮುಂದಿನ ಕಾದಂಬರಿ ಬಂದಾಗ ಎಲ್ಲ ಪುಸ್ತಕಗಳನ್ನೂ ಹಿಡಿದು ಒಂದು ದೀರ್ಘ ವಿಮರ್ಶೆ ಬರೆಯುವ ಇಂಗಿತ ತಿಳಿಸಿದ್ದರು. ಆ ಮುಂದಿನ ಕಾದಂಬರಿ ಬರಲೇ ಇಲ್ಲ. ಪತ್ರಗಳು ಮಾತ್ರ ನಿಲ್ಲಲಿಲ್ಲ. 1965ರಲ್ಲಿ ತಮ್ಮ ಕವಿತೆಗಳ ಪ್ರಕಾಶಕರಾದ ಫೇಬರ್ ಸಂಸ್ಥೆಗೆ ಲಾರ್ಕಿನ್ ಪಿಮ್ ಪರವಾಗಿ ಶಿಫಾರಸು ಮಾಡಿದರು, ಫಲಿಸಲಿಲ್ಲ. ಇಬ್ಬರೂ ಮೊದಲ ಸಲ ಮುಖಾಮುಖಿ ಭೇಟಿಯಾದದ್ದು 1975ರ ಏಪ್ರಿಲ್‌ನಲ್ಲಿ, ಆಕ್ಸ್‌ಫರ್ಡಿನ ರ‍್ಯಾಂಡಾಲ್ಫ್ ಹೋಟೆಲಿನಲ್ಲಿ. ಅಷ್ಟರಲ್ಲಿ ಪತ್ರವ್ಯವಹಾರಕ್ಕೆ ಹದಿನಾಲ್ಕು ವರ್ಷ ತುಂಬಿತ್ತು.

ನಡುವೆ ದೇಹವೂ ಸೋಲತೊಡಗಿತು. 1971ರಲ್ಲಿ ಸ್ತನ ಕ್ಯಾನ್ಸರ್, ಶಸ್ತ್ರಚಿಕಿತ್ಸೆ. 1974ರಲ್ಲಿ ಲಘು ಪಾರ್ಶ್ವವಾಯು. ಕೆಲಕಾಲ ಓದುಬರಹಕ್ಕೂ ತೊಡಕಾಯಿತು. ಅದೇ ವರ್ಷ ನೌಕರಿಯಿಂದ ನಿವೃತ್ತಿ. 'ಕ್ವಾರ್ಟೆಟ್ ಇನ್ ಆಟಮ್' ಕಾದಂಬರಿ ಈ ಕಾಲದ ಕೂಸು.

ಲಂಡನ್ನಿನ ಒಂದು ಕಚೇರಿಯ ಒಂದೇ ಕೋಣೆಯಲ್ಲಿ ನಾಲ್ವರು: ಲೆಟ್ಟಿ, ಮಾರ್ಸಿಯಾ, ಎಡ್ವಿನ್, ನಾರ್ಮನ್. ನಾಲ್ವರೂ ನಿವೃತ್ತಿಯ ಅಂಚಿನವರು, ನಾಲ್ವರೂ ಒಂಟಿ. ಅವರು ಅಲ್ಲಿ ಏನು ಕೆಲಸ ಮಾಡುತ್ತಾರೆ ಎಂಬುದನ್ನು ಕಾದಂಬರಿ ಕೊನೆಯವರೆಗೂ ಹೇಳುವುದಿಲ್ಲ. ಇಬ್ಬರು ಹೆಂಗಸರು ನಿವೃತ್ತರಾಗುವ ದಿನ ಬೀಳ್ಕೊಡುಗೆಯ ಮಾತಾಡುವ ಮೇಲಧಿಕಾರಿಗೂ ಅದು ಸರಿಯಾಗಿ ಗೊತ್ತಿಲ್ಲ. ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದೂ ಇಲ್ಲ. ಮಾರ್ಸಿಯಾಗೆ ಪಿಮ್ ತಮ್ಮದೇ ಶಸ್ತ್ರಚಿಕಿತ್ಸೆಯ ಗಾಯವನ್ನು ಕೊಟ್ಟಿದ್ದಾರೆ. ಆಕೆ ತೊಳೆದ ಹಾಲಿನ ಬಾಟಲಿಗಳನ್ನು ಹಿತ್ತಲಿನ ಶೆಡ್ಡಿನಲ್ಲಿ ಸಾಲಾಗಿ ಜೋಡಿಸಿಡುತ್ತಾಳೆ. ಕಪಾಟಿನ ತುಂಬ ಡಬ್ಬಿ ಆಹಾರ ಕೂಡಿಡುತ್ತಾಳೆ, ಅವುಗಳ ಜಾತಿ, ಅಳತೆ ನೋಡಿ ವಿಂಗಡಿಸುತ್ತಾಳೆ. ತಿನ್ನುವುದು ಮಾತ್ರ ದಿನೇದಿನೇ ಕಡಿಮೆ. ತುಂಬಿದ ಕಪಾಟಿನ ಮನೆಯಲ್ಲಿ ಅವಳು ಹಸಿದು ಸೊರಗುತ್ತಾಳೆ. ವಿಚಾರಿಸಲು ಬರುವ ಸಮಾಜಸೇವಕಿಗೆ ಬಾಗಿಲಾಚೆಗಿನ ಸ್ಥಿತಿ ಅರ್ಥವಾಗುವುದು ತಡವಾಗಿ. ಮುದಿತನದ ಒಂಟಿತನವನ್ನು ಕುರಿತು ಇಷ್ಟು ಸ್ಪಷ್ಟವಾಗಿ, ಕಣ್ಣೀರಿಗೆ ಕೈಚಾಚದೆ ಬರೆದ ಕಾದಂಬರಿಗಳು ಯಾವ ಭಾಷೆಯಲ್ಲೂ ಹೆಚ್ಚಿಲ್ಲ. 1976ರಲ್ಲಿ ಇದೂ ಒಬ್ಬ ಪ್ರಕಾಶಕರಿಂದ ತಿರುಗಿ ಬಂದಿತ್ತು.

ಪತ್ರಿಕೆಯ ಸಂಚಿಕೆ ಬಂದಾಗ ಇದೇ ಹಸ್ತಪ್ರತಿ ಮ್ಯಾಕ್‌ಮಿಲನ್‌ಗೆ ಹೋಯಿತು. ಒಪ್ಪಿಗೆ ಬಂದದ್ದು ಫೆಬ್ರವರಿಯಲ್ಲಿ. ಮಾರ್ಚ್‌ನಲ್ಲಿ ಲಾರ್ಕಿನ್ ಹದಿನಾರು ವರ್ಷ ಹಳೆಯ ಇಂಗಿತವನ್ನು ಈಡೇರಿಸಿದರು: ಪಿಮ್ ಅವರ ಕಾದಂಬರಿ ಲೋಕದ ಬಗೆಗಿನ ಅವರ ಲೇಖನ ಅದೇ ಪತ್ರಿಕೆಯಲ್ಲಿ ಪ್ರಕಟವಾಯಿತು. ಪುಸ್ತಕ ಹೊರಬಂದದ್ದು ಆ ವರ್ಷದ ಶರತ್ಕಾಲದಲ್ಲಿ. ಬಿಬಿಸಿ ಅವರ ಮೇಲೆ ಕಾರ್ಯಕ್ರಮ ಮಾಡಿತು. ಹಳೆಯ ಕಾದಂಬರಿಗಳನ್ನು ಮತ್ತೆ ಅಚ್ಚು ಹಾಕಲು ಕೇಪ್ ಸಂಸ್ಥೆಯೇ ಮುಂದೆ ಬಂತು. ಮರುವರ್ಷ ಅಮೆರಿಕದಲ್ಲಿ ಅವರ ಪುಸ್ತಕಗಳು ಮೊದಲ ಬಾರಿಗೆ ಪ್ರಕಟವಾದವು.

1977ರ ಬೂಕರ್ ಅಂತಿಮ ಪಟ್ಟಿಯಲ್ಲಿ ಆರು ಪುಸ್ತಕಗಳಿದ್ದವು. ತೀರ್ಪುಗಾರರ ಅಧ್ಯಕ್ಷರು ಲಾರ್ಕಿನ್ ಅವರೇ. ಆದರೂ ಪ್ರಶಸ್ತಿ ಹೋದದ್ದು ಪಾಲ್ ಸ್ಕಾಟ್ ಅವರ 'ಸ್ಟೇಯಿಂಗ್ ಆನ್' ಕಾದಂಬರಿಗೆ. ಸ್ವಾತಂತ್ರ್ಯ ಬಂದ ಮೇಲೂ ಭಾರತದ ಬೆಟ್ಟದೂರೊಂದರಲ್ಲಿ ಉಳಿದುಕೊಂಡ ಮುದಿ ಇಂಗ್ಲಿಷ್ ದಂಪತಿಯ ಕತೆ ಅದು. ಆ ವರ್ಷ ಒಂಟಿ ಮುಪ್ಪಿನ ಬಗೆಗಿನ ಎರಡು ದೊಡ್ಡ ಕಾದಂಬರಿಗಳು ಒಂದೇ ಪಟ್ಟಿಯಲ್ಲಿದ್ದವು. ಬೂಕರ್ ಪ್ರಶಸ್ತಿಯನ್ನು ಹುಟ್ಟುಹಾಕುವುದರಲ್ಲಿ ಮುಂದಾಳತ್ವ ವಹಿಸಿದ್ದವರು ಕೇಪ್‌ನ ಟಾಮ್ ಮ್ಯಾಶ್ಲರ್. ಅವರ ಸಂಸ್ಥೆ ಬೇಡವೆಂದ ಲೇಖಕಿ ಅವರೇ ಕಟ್ಟಲು ಹೆಗಲುಕೊಟ್ಟ ಪ್ರಶಸ್ತಿಯ ಬಾಗಿಲವರೆಗೆ ಬಂದಿದ್ದರು.

ಮುಂದಿನ ಎರಡು ವರ್ಷ ಪಿಮ್ ಅವರ ಪಾಲಿಗೆ ತುಂಬಿದ ವರ್ಷಗಳು. ಹಲವರು ಹಿಂದಿರುಗಿಸಿದ್ದ 'ದಿ ಸ್ವೀಟ್ ಡವ್ ಡೈಡ್' 1978ರಲ್ಲಿ ಪ್ರಕಟವಾಯಿತು, ಜನ ಕೊಂಡು ಓದಿದರು. 1979ರಲ್ಲಿ ರಾಯಲ್ ಸೊಸೈಟಿ ಆಫ್ ಲಿಟರೇಚರ್‌ನ ಫೆಲೋ ಆದರು. ಅಷ್ಟರಲ್ಲಿ ಕ್ಯಾನ್ಸರ್ ಮರಳಿತ್ತು. ಉಳಿದ ಶಕ್ತಿಯನ್ನೆಲ್ಲ 'ಎ ಫ್ಯೂ ಗ್ರೀನ್ ಲೀವ್ಸ್' ಎಂಬ ಹಳ್ಳಿಯ ಕಾದಂಬರಿಗೆ ಸುರಿದು, ಅದನ್ನು ಮುಗಿಸಿ, 1980ರ ಜನವರಿ 11ರಂದು ತೀರಿಕೊಂಡರು. ಎರಡನೆಯ ಸರದಿ ಅವರಿಗೆ ಸಿಕ್ಕಿದ್ದು ಮೂರು ವರ್ಷಕ್ಕೂ ತುಸು ಕಡಿಮೆ.

ಇಂಥದೇ ಇನ್ನೊಂದು ಬದುಕು ಜೀನ್ ರೀಸ್ ಅವರದು. ಕೆರಿಬಿಯನ್ನಿನ ಡೊಮಿನಿಕಾ ದ್ವೀಪದಲ್ಲಿ 1890ರಲ್ಲಿ ಹುಟ್ಟಿದ ಈ ಲೇಖಕಿ 1939ರಲ್ಲಿ 'ಗುಡ್ ಮಾರ್ನಿಂಗ್, ಮಿಡ್‌ನೈಟ್' ಪ್ರಕಟಿಸಿದ ಮೇಲೆ ಸಾಹಿತ್ಯ ಲೋಕದ ಕಣ್ಣಿನಿಂದ ಮರೆಯಾದರು. ಸತ್ತೇಹೋಗಿದ್ದಾರೆ ಎಂದುಕೊಂಡವರೂ ಇದ್ದರು. ಆ ಕಾದಂಬರಿಯನ್ನು ಅಭಿನಯಿಸುವ ಆಸೆಯಿದ್ದ ನಟಿ ಸೆಲ್ಮಾ ವಾಝ್ ಡಯಾಸ್ 1949ರಲ್ಲಿ 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅವರನ್ನು ಹುಡುಕಿದರು. 1957ರಲ್ಲಿ ಬಿಬಿಸಿ ರೇಡಿಯೊದಲ್ಲಿ ಅದು ಪ್ರಸಾರವಾಯಿತು. ಆಂದ್ರೆ ಡಾಯ್ಚ್ ಪ್ರಕಾಶನದ ಫ್ರಾನ್ಸಿಸ್ ವಿಂಡಮ್ ಮತ್ತು ಡಯಾನಾ ಅಥಿಲ್ ಹೊಸ ಕಾದಂಬರಿಗಾಗಿ 25 ಪೌಂಡು ಮುಂಗಡ ಕೊಟ್ಟು ವರ್ಷಗಟ್ಟಲೆ ಕಾದರು. ಬಡತನ, ಕುಡಿತ, ಗಂಡನ ಕಾಯಿಲೆ, ಕೊನೆಗೆ ತಮಗೇ ಹೃದಯಾಘಾತ. ಇವೆಲ್ಲದರ ನಡುವೆ ಪದಪದವನ್ನೂ ತಿದ್ದಿ ಮುಗಿಸಿದ 'ವೈಡ್ ಸರ್ಗಾಸೊ ಸೀ' 1966ರಲ್ಲಿ ಬಂತು. ಆಗ ರೀಸ್ ಅವರಿಗೆ 76 ವರ್ಷ. ಇಂದು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗುವ ಕಾದಂಬರಿ ಅದು. ಮೆಚ್ಚುಗೆ ತೀರಾ ತಡವಾಗಿ ಬಂತು ಎಂದು ಅವರು ಹೇಳಿಕೊಂಡಿದ್ದರು.

ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಿರಸ್ಕಾರವೇ ಇವರನ್ನು ಮಾಗಿಸಿತು, ಕಷ್ಟವಿಲ್ಲದಿದ್ದರೆ ಇಂಥ ಕೃತಿಗಳು ಹುಟ್ಟುತ್ತಿರಲಿಲ್ಲ ಎಂಬ ವಾದವನ್ನು ಆಗಾಗ ಕೇಳುತ್ತೇವೆ. ಅದು ಲೇಖಕರಿಗೆ ಮಾಡುವ ಎರಡನೆಯ ಅನ್ಯಾಯ. ಪಿಮ್ ಹನ್ನೊಂದು ವರ್ಷದಲ್ಲಿ ಆರು ಕಾದಂಬರಿ ಕೊಟ್ಟವರು. ಅದೇ ಲಯದಲ್ಲಿ ಮುಂದುವರಿದಿದ್ದರೆ 1963ರಿಂದ 1977ರ ನಡುವೆ ಎಷ್ಟು ಬರೆಯಬಹುದಿತ್ತೋ ಅದು ಓದುಗರಿಗೆ ಆದ ನಷ್ಟ. ಕೇಪ್ ತಿರಸ್ಕರಿಸಿದ್ದ ಆ ಕಾದಂಬರಿ ಲಾರ್ಕಿನ್ ಅವರ ಮುನ್ನುಡಿಯೊಂದಿಗೆ ಅಚ್ಚಾದದ್ದು 1982ರಲ್ಲಿ. ಅದನ್ನು ಕೈಯಲ್ಲಿ ಹಿಡಿದು ನೋಡಲು ಬರೆದವರು ಇರಲಿಲ್ಲ.

ಎರಡೂ ಬದುಕುಗಳಲ್ಲಿ ಅವಕಾಶ ಮರಳಿದ ದಾರಿ ಒಂದೇ. ಲೇಖಕಿ ಕೆಲಸ ನಿಲ್ಲಿಸಿರಲಿಲ್ಲ. ಒಬ್ಬ ಓದುಗ ಆ ಹೆಸರನ್ನು ಬಹಿರಂಗವಾಗಿ ಹೇಳಿದ. ಒಬ್ಬ ಸಂಪಾದಕ ಆ ಮಾತು ಕೇಳಿಸಿಕೊಂಡು ಪುಸ್ತಕ ತರಿಸಿ ಓದಿದ. ಮೂರರಲ್ಲಿ ಒಂದು ತಪ್ಪಿದ್ದರೂ ಈ ಪುಸ್ತಕಗಳು ಓದುಗರನ್ನು ಮುಟ್ಟುತ್ತಿರಲಿಲ್ಲ. ಮೊದಲನೆಯದು ಲೇಖಕರ ಹೊಣೆ. ಉಳಿದ ಎರಡು ಸಮಾಜದವು.

ಕನ್ನಡದಲ್ಲಿ ಈ ಹೊಣೆ ಹೇಗೆ ತಪ್ಪಿತು ಎಂಬುದಕ್ಕೆ ನಂಜನಗೂಡು ತಿರುಮಲಾಂಬ ಅವರ ಬದುಕು ಸಾಕ್ಷಿ. ಪಿಮ್ ಹುಟ್ಟಿದ 1913ರಲ್ಲೇ ತಿರುಮಲಾಂಬ 'ಸತಿಹಿತೈಷಿಣಿ' ಗ್ರಂಥಮಾಲೆ ಆರಂಭಿಸಿದರು. 'ಸುಶೀಲೆ' ಕಾದಂಬರಿಯನ್ನು ತಾವೇ ಬರೆದರು, ತಾವೇ ಪ್ರಕಟಿಸಿದರು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಬಾಲ್ಯದಲ್ಲೇ ವಿಧವೆಯಾಗಿದ್ದ ಹೆಣ್ಣುಮಗಳೊಬ್ಬಳು ಆ ಕಾಲದ ಮೈಸೂರು ಸೀಮೆಯಲ್ಲಿ ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಆಗಿದ್ದಳು. ಆಮೇಲೆ ಗ್ರಂಥಮಾಲೆ ನಿಂತಿತು, ಪತ್ರಿಕೆ ನಿಂತಿತು, ಹೆಸರು ಓದುಗರ ನೆನಪಿನಿಂದ ಜಾರಿತು. ಅವರು ಬದುಕಿದ್ದರು, 1982ರವರೆಗೂ ಬದುಕಿದ್ದರು. ಅವರ ಮೇಲೆ ಗಂಭೀರ ಅಧ್ಯಯನಗಳು ನಡೆಯುವ ಹೊತ್ತಿಗೆ ಹೊಸದಾಗಿ ಬರೆಯುವ ವಯಸ್ಸು ಕಳೆದುಹೋಗಿತ್ತು.

ಈ ದತ್ತಿಯ ಹಣದಿಂದ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತಿದೆ. ಅದರ ಜೊತೆಗೆ ಇನ್ನೊಂದು ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ದತ್ತಿಯ ಸಮಿತಿಯವರಲ್ಲಿ ವಿನಂತಿ. ಅರವತ್ತು ದಾಟಿದ, ಹತ್ತು ವರ್ಷಗಳಿಂದ ಹೊಸ ಪುಸ್ತಕ ಬಾರದ ಕನ್ನಡ ಕಾದಂಬರಿಕಾರರ ಒಂದು ಪಟ್ಟಿ ಮಾಡಬೇಕು. ಜಿಲ್ಲಾ ಗ್ರಂಥಾಲಯಗಳ ದಾಖಲೆ, ಹಳೆಯ ವಾರಪತ್ರಿಕೆಗಳ ಧಾರಾವಾಹಿ ಪುಟಗಳು, ಕಾಲೇಜುಗಳ ಕನ್ನಡ ವಿಭಾಗಗಳ ನೆರವು ಸಿಕ್ಕರೆ ಅದೇನೂ ಅಸಾಧ್ಯವಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಮನೆಗೂ ವಿದ್ಯಾರ್ಥಿಗಳು ಹೋಗಿ, ಅಚ್ಚಾಗದ ಹಸ್ತಪ್ರತಿ ಇದೆಯೇ ಎಂದು ಕೇಳಬೇಕು. ಇದ್ದರೆ ಇಬ್ಬರು ನಿಷ್ಠುರ ಓದುಗರಿಂದ ಓದಿಸಬೇಕು. ಒಪ್ಪಿಗೆಯಾದದ್ದನ್ನು ಅಚ್ಚು ಹಾಕಿಸಬೇಕು. ಮುಂದಿನ ವರ್ಷದ ಉಪನ್ಯಾಸಕ್ಕೆ ಅವರಲ್ಲೊಬ್ಬರನ್ನೇ ಕರೆದರೆ ಇನ್ನೂ ಒಳ್ಳೆಯದು. ಪಟ್ಟಿಯ ಕೆಲಸಕ್ಕೆ ಜೊತೆಗೂಡಲು ಇಷ್ಟವಿರುವ ವಿದ್ಯಾರ್ಥಿಗಳು ಈ ಸಭೆಯಲ್ಲಿದ್ದರೆ, ಇಂದೇ ಸಮಿತಿಯವರ ಬಳಿ ಹೆಸರು ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತಾ ಈ ಉಪನ್ಯಾಸವನ್ನು ಮುಗಿಸುತ್ತೇನೆ.